ಮಳೆ ಪುಸ್ತಕದಲ್ಲಿ ತೋಡಿಗೊಂದು ಕಾಲಂ

ನಮ್ಮ ತೋಟದ ಮನೆಯಲ್ಲಿ ತಂದೆಯವರ ಕಾಲದಿಂದ ಬಂದ ಒಂದು ಮಳೆ ಪುಸ್ತಕವಿದೆ. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮಳೆಮಾಪಕದಲ್ಲಿ ಸೇರಿದ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಡುವ ರೂಢಿ ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯದು. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್ ತಿಂಗಳಲ್ಲಿ ಇಬ್ಬರು ಬೆಳೆಗಾರರು ದಾರಿಯಲ್ಲಿ ಎದುರಾದರೆ ಕ್ಷೇಮ ಸಮಾಚಾರಕ್ಕೂ ಮೊದಲು "ನಿಮ್ಮ ಕಡೆ ಎಷ್ಟು ಸೆಂಟ್ ಆಯಿತು?" ಎಂದೇ ಕೇಳಿಕೊಳ್ಳುತ್ತಾರೆ. ಕಾಫಿಯ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಹಿಂದೆ ಕಾಯಿ ಕಚ್ಚಲು ಬರಬೇಕಾದ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ಮುಂದಿನ ವರ್ಷದ ಫಸಲು ನಿಂತಿರುವುದರಿಂದ ಈ ಲೆಕ್ಕದಲ್ಲಿ ಯಾರೂ ಉದಾಸೀನ ಮಾಡುವುದಿಲ್ಲ.

ಬಿದ್ದ ಮಳೆಯನ್ನು ಇಷ್ಟು ಶ್ರದ್ಧೆಯಿಂದ ಅಳೆಯುವ ನಾವು ನಮ್ಮ ತೋಟದ ನಡುವೆಯೇ ಹರಿಯುವ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ದಿನಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಒಮ್ಮೆಯೂ ಬರೆದಿಟ್ಟವರಲ್ಲ. ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನನಗೂ ಇದು ಹೊಳೆದದ್ದು ತಡವಾಗಿ. ಮಡಿಕೇರಿಯ ನೆರೆಹೊರೆಯವರು ಸೇರಿದಾಗಲೆಲ್ಲ ಊರಿನ ಮುಂದಿನ ಮೂವತ್ತು ವರ್ಷದ ನೀರಿನ ಮಾತು ಬರುತ್ತದೆ. ಒಬ್ಬರು ಹಾರಂಗಿ ಜಲಾಶಯದಿಂದ ತರಬೇಕೆನ್ನುತ್ತಾರೆ, ಇನ್ನೊಬ್ಬರು ದೊಡ್ಡ ಕೆರೆ ಕಟ್ಟಬೇಕೆನ್ನುತ್ತಾರೆ, ಮತ್ತೊಬ್ಬರು ಮನೆ ಮನೆಯಲ್ಲೂ ಮಳೆನೀರು ಹಿಡಿಯಬೇಕೆನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಈಗಿರುವ ಹೊಳೆಗಳು ಏಪ್ರಿಲ್ ತಿಂಗಳ ಒಂದು ದಿನದಲ್ಲಿ ಎಷ್ಟು ನೀರು ಕೊಡುತ್ತವೆ ಎಂದು ಕೇಳಿದರೆ ನಾನೂ ಸೇರಿದಂತೆ ಎಲ್ಲರೂ ಸುಮ್ಮನಾಗುತ್ತೇವೆ. ದೀರ್ಘಕಾಲದ ಯಾವ ಯೋಜನೆಯೂ ಆ ಒಂದು ಸಂಖ್ಯೆಯಿಂದಲೇ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿ, ಬೆಟ್ಟದ ಏಣಿನ ಮೇಲೆ ಕುಳಿತ ಊರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ತಲಕಾವೇರಿ ಐವತ್ತು ಕಿಲೋಮೀಟರಿನ ಒಳಗೇ ಇದ್ದರೂ ಕಾವೇರಿ ಹರಿಯುವುದು ಭಾಗಮಂಡಲ, ನಾಪೋಕ್ಲು, ಸಿದ್ದಾಪುರ, ಕುಶಾಲನಗರಗಳ ತಗ್ಗಿನಲ್ಲಿ. ವಿರಾಜಪೇಟೆಗೆ ಬೇತ್ರಿಯ ಹೊಳೆಯಿದೆ, ಕುಶಾಲನಗರಕ್ಕೆ ಊರ ಬದಿಯಲ್ಲೇ ಕಾವೇರಿಯಿದೆ. ಮಡಿಕೇರಿಗೆ ಮಾತ್ರ ತನಗಿಂತ ಮೇಲಿನಿಂದ ಇಳಿದು ಬರುವ ದೊಡ್ಡ ನದಿ ಒಂದೂ ಇಲ್ಲ. ಕೂಟುಹೊಳೆ, ಅದಕ್ಕೆ ನೀರು ಕೂಡಿಸುವ ಕುಂಡಾಮೇಸ್ತ್ರಿ, ರೋಶನಾರ, ಕನ್ನಂಡಬಾಣೆ, ಪಂಪಿನ ಕೆರೆ, ಹೀಗೆ ಸಣ್ಣ ಸಣ್ಣ ಮೂಲಗಳನ್ನು ಸೇರಿಸಿಕೊಂಡು ಊರು ಬದುಕಿದೆ. ದಸರೆಯಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಡುವುದು ಇದೇ ಪಂಪಿನ ಕೆರೆಯ ದಡದಿಂದ. ಹೊಳೆ ಹತ್ತಿರವಿಲ್ಲದ ಊರಿಗೆ ಆ ಕೆರೆ ಎಷ್ಟು ಮುಖ್ಯವಾಗಿತ್ತು ಎಂಬುದು ಆ ಆಚರಣೆಯಲ್ಲೇ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ಇನ್ನು ಬೇಡಿಕೆಯ ಲೆಕ್ಕಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ಮಡಿಕೇರಿಯ ಜನಸಂಖ್ಯೆ 33,381. ಒಳಚರಂಡಿಯಿರುವ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿ ಹೇಳುವ ಪ್ರಮಾಣ. ಗುಣಿಸಿದರೆ ದಿನಕ್ಕೆ 45 ಲಕ್ಷ ಲೀಟರ್ ಆಗುತ್ತದೆ. ಸೋರಿಕೆ ಮತ್ತಿತರ ನಷ್ಟ ಶೇಕಡಾ 15ನ್ನು ಮೀರಬಾರದೆಂದು ಅದೇ ಕೈಪಿಡಿ ಹೇಳುತ್ತದೆ. ಅಷ್ಟನ್ನು ಸೇರಿಸಿದರೆ ಮೂಲದಿಂದ ಎತ್ತಬೇಕಾದದ್ದು ಸುಮಾರು 53 ಲಕ್ಷ ಲೀಟರ್, ಅಂದರೆ ಹಗಲಿರುಳು ಬಿಡದೆ ಸೆಕೆಂಡಿಗೆ 61 ಲೀಟರ್. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದ ಕಾರಣ ಯಾರೇ ಲೆಕ್ಕ ಹಾಕಿದರೂ ಈ ಹಳೆಯ ಸಂಖ್ಯೆಯನ್ನೇ ಹಿಗ್ಗಿಸಬೇಕಾಗುತ್ತದೆ.

ಆದರೆ ಮಡಿಕೇರಿಯ ಬೇಡಿಕೆಯನ್ನು ಜನಗಣತಿಯೊಂದರಿಂದ ಹೇಳಲಾಗದು. ಇಲ್ಲಿ ರಾತ್ರಿ ಮಲಗುವವರಲ್ಲಿ ಬಹಳ ಮಂದಿ ಬೇರೆ ಊರಿನವರು. ವಸತಿಗೃಹಗಳಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂದು ಅದೇ ಕೈಪಿಡಿ ಹಿಡಿಯುತ್ತದೆ. ಲೆಕ್ಕಕ್ಕಾಗಿ ಹತ್ತು ಸಾವಿರ ಪ್ರವಾಸಿಗರು ಒಂದು ರಾತ್ರಿ ಇಲ್ಲಿ ಉಳಿದರು ಎಂದಿಟ್ಟುಕೊಂಡರೆ ಅವರಿಗೇ 18 ಲಕ್ಷ ಲೀಟರ್ ಬೇಕು, ಇದು ಊರಿನವರ ಬಳಕೆಯ ಶೇಕಡಾ ನಲವತ್ತು. ಬೇಸಿಗೆ ರಜೆಯ ದಟ್ಟಣೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಹೊಳೆಗಳು ತೀರಾ ಬಡವಾಗುವ ದಿನಗಳಲ್ಲೇ ಬರುತ್ತದೆ. ಮನೆಗಳು ಹೋಂಸ್ಟೇಗಳಾದಾಗ ಜನಗಣತಿಯ ಪಟ್ಟಿಯಲ್ಲಿ ತಲೆಗಳು ಕಡಿಮೆಯಾಗಿ ನಲ್ಲಿಯ ನೀರು ಮಾತ್ರ ಹೆಚ್ಚು ಖರ್ಚಾಗುತ್ತದೆ. ಹೀಗಾಗಿ ವರ್ಷದ ಸರಾಸರಿಯನ್ನು ಇಟ್ಟುಕೊಂಡು ಮಾಡಿದ ಯೋಜನೆ ನಮ್ಮ ಊರಿಗೆ ಒಗ್ಗುವುದಿಲ್ಲ. ಮೇ ತಿಂಗಳ ಎರಡನೇ ವಾರದ ಒಂದು ಭಾನುವಾರಕ್ಕೆ ಸಾಲುವಂತೆ ಯೋಜನೆ ಮಾಡಿದರೆ ಉಳಿದ ದಿನಗಳು ತಾವಾಗಿಯೇ ಸರಿಹೋಗುತ್ತವೆ.

ತೋಡನ್ನು ಅಳೆಯುವ ಕೆಲಸ ನಾನು ಮಾಡಿದ್ದು ಹೀಗೆ. ದಪ್ಪನೆಯ ಹಲಸಿನ ಹಲಗೆಯೊಂದರ ಮೇಲಂಚಿನಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ತೊಂಬತ್ತು ಡಿಗ್ರಿಯ ಕಚ್ಚು ಕೊರೆಸಿ, ತೋಡಿಗೆ ಅಡ್ಡಲಾಗಿ ನಿಲ್ಲಿಸಿ, ಎರಡು ಬದಿಗೂ ಜೇಡಿಮಣ್ಣು ಮೆತ್ತಿ, ನೀರೆಲ್ಲ ಆ ಕಚ್ಚಿನ ಮೂಲಕವೇ ಹೋಗುವಂತೆ ಮಾಡಿದೆ. ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರ ನಿಂತಿದೆ ಎಂಬುದನ್ನು ಹಲಗೆಯಿಂದ ಸ್ವಲ್ಪ ಹಿಂದಕ್ಕೆ ನೆಟ್ಟ ಅಳತೆಪಟ್ಟಿಯಲ್ಲಿ ನೋಡಿದರೆ ಹರಿವು ತಿಳಿಯುತ್ತದೆ. ಹತ್ತು ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಲೀಟರ್, ಇಪ್ಪತ್ತು ನಿಂತರೆ ಸುಮಾರು ಇಪ್ಪತ್ತೈದು ಲೀಟರ್. ಎತ್ತರ ಅರ್ಧಕ್ಕೆ ಇಳಿದರೆ ಹರಿವು ಐದನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಕಣ್ಣಿಗೆ ಹೊಳೆ ಸ್ವಲ್ಪ ತಗ್ಗಿದಂತೆ ಮಾತ್ರ ಕಂಡಾಗ ನೀರು ನಿಜವಾಗಿ ಎಷ್ಟು ಹೋಗಿಬಿಟ್ಟಿರುತ್ತದೆ ಎಂಬುದು ನನಗೆ ಆ ಹಲಗೆಯಿಂದಲೇ ಅರ್ಥವಾದದ್ದು. ಮಡಿಕೇರಿಗೆ ಬೇಕಾದ 61 ಲೀಟರ್ ಇಂಥ ಕಚ್ಚಿನಲ್ಲಿ ಹರಿಯಬೇಕಾದರೆ ನೀರು 29 ಸೆಂಟಿಮೀಟರ್ ಎತ್ತರ ನಿಲ್ಲಬೇಕು, ಹೆಚ್ಚುಕಡಿಮೆ ಒಂದು ಗೇಣು ಮೂರು ಬೆರಳು.

ಮೊದಲ ಮಳೆಗಾಲದಲ್ಲಿ ಹಲಗೆ ಕೊಚ್ಚಿಕೊಂಡು ಹೋಯಿತು. ಮರುವರ್ಷ ಡಿಸೆಂಬರಿನಲ್ಲಿ ಮತ್ತೆ ನಿಲ್ಲಿಸಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಬರೆದಿಡಲು ತೊಡಗಿದೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಂಜೆಗಿಂತ ಬೆಳಗಿನ ಅಳತೆ ಯಾವಾಗಲೂ ಸ್ವಲ್ಪ ಹೆಚ್ಚಿರುತ್ತಿತ್ತು. ಹಗಲಿಡೀ ಮರಗಳು ಬೇರಿನಿಂದ ನೀರು ಎಳೆದು ಆವಿಯಾಗಿ ಬಿಡುತ್ತವೆ, ರಾತ್ರಿ ಅದು ನಿಲ್ಲುವುದರಿಂದ ತೋಡು ಚೇತರಿಸಿಕೊಳ್ಳುತ್ತದೆ. ಆದರೆ ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ನೀರು ಗಂಟೆಯೊಳಗೆ ಏಳು ಸೆಂಟಿಮೀಟರಿನಿಂದ ನಾಲ್ಕಕ್ಕೆ ಇಳಿದದ್ದಕ್ಕೆ ಮರಗಳು ಕಾರಣವಾಗಿರಲಿಲ್ಲ. ಮೇಲಿನ ತೋಟದಲ್ಲಿ ಪಂಪ್ ಹಾಕಿ ಕಾಫಿಗೆ ಸ್ಪ್ರಿಂಕ್ಲರ್ ಬಿಟ್ಟಿದ್ದರು. ಅವರನ್ನು ದೂರುವ ಹಕ್ಕು ನನಗಿಲ್ಲ, ಅದೇ ತೋಡಿಗೆ ಪೈಪ್ ಇಳಿಸಿ ನಮ್ಮ ರೊಬಸ್ಟಾಕ್ಕೂ ನಾವು ಹಲವು ವರ್ಷ ನೀರು ಹಾಯಿಸಿದ್ದೇವೆ.

ಅಂದು ರಾತ್ರಿ ಕುಳಿತು ಹಾಕಿದ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಹೂ ಅರಳಿಸಲು ಒಂದು ಎಕರೆಗೆ ಒಂದು ಇಂಚು ನೀರು ಕೊಡುವುದೆಂದರೆ 1,02,790 ಲೀಟರ್. ತಲೆಗೆ 135 ಲೀಟರಿನಂತೆ ಅದು 760 ಜನರ ಒಂದು ದಿನದ ನೀರು. ಐವತ್ತು ಎಕರೆಗೆ ಒಂದೇ ಒಂದು ಸುತ್ತು ಹಾಯಿಸಿದರೆ ಇಡೀ ಮಡಿಕೇರಿಯ ಒಂದು ದಿನದ ನೀರು ಮುಗಿಯುತ್ತದೆ. ಕೊಡಗಿನ ಬೆಳೆಗಾರನಿಗೆ ಒಂದು ಇಂಚು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಆ ಇಂಚನ್ನು ಜನರ ಲೆಕ್ಕದಲ್ಲಿ ನಾವು ನೋಡಿದ್ದು ಕಡಿಮೆ. ಬರದ ವರ್ಷಗಳಲ್ಲಿ ಹೊಳೆಯಿಂದ ತೋಟಕ್ಕೆ ನೀರೆತ್ತಬಾರದೆಂಬ ಆದೇಶ ಬಂದಾಗ ಬೆಳೆಗಾರರಿಗೆ ಸಂಕಟವಾಗುವುದು ಸಹಜ, ಏಕೆಂದರೆ ಹೂವಿನ ಹೊತ್ತು ತಪ್ಪಿದರೆ ವರ್ಷವೇ ತಪ್ಪುತ್ತದೆ. ಕಟ್ಟಕಡೆಯ ಗಳಿಗೆಯಲ್ಲಿ ನಿಷೇಧ ಹೇರುವುದಕ್ಕಿಂತ, ಕುಡಿಯುವ ನೀರಿನ ಮೂಲಗಳ ಮೇಲ್ಭಾಗದಲ್ಲಿರುವ ತೋಟಗಳು ಮಳೆಗಾಲದಲ್ಲೇ ತಮ್ಮ ಕೆರೆಗಳನ್ನು ತುಂಬಿಸಿಕೊಳ್ಳುವಂತೆ ನೆರವು ಕೊಟ್ಟು, ಜನವರಿಯ ನಂತರ ಹೊಳೆಗೆ ಪಂಪ್ ಇಳಿಸುವುದಿಲ್ಲವೆಂಬ ಒಪ್ಪಂದ ಮಾಡಿಕೊಳ್ಳುವುದು ಊರಿಗೂ ತೋಟಕ್ಕೂ ಮೇಲು. ನೀರಿನ ದೀರ್ಘಕಾಲದ ಯೋಜನೆಯಲ್ಲಿ ಪೈಪು, ಪಂಪುಗಳ ಜೊತೆಗೆ ಇಂಥ ಒಪ್ಪಂದಕ್ಕೂ ಒಂದು ಅಧ್ಯಾಯವಿರಬೇಕು. ಮುಖ್ಯ ಮೂಲವಾದ ಕೂಟುಹೊಳೆ ನಗರಸಭೆಯ ಗಡಿಯ ಹೊರಗಿದೆ. ಅಲ್ಲಿನ ಕಾಡು ಕಡಿದರೆ, ಗುಡ್ಡ ಅಗೆದು ರೆಸಾರ್ಟ್ ಕಟ್ಟಿದರೆ, ಅದರ ಫಲ ಊರಿನ ನಲ್ಲಿಗೆ ಬರುತ್ತದೆ, ಆದರೆ ಅನುಮತಿಯ ಕಾಗದ ಊರಿನವರ ಕಣ್ಣಿಗೆ ಬೀಳುವುದಿಲ್ಲ. ಗ್ರಾಮ ಪಂಚಾಯಿತಿ, ಅರಣ್ಯ ಇಲಾಖೆ ಮತ್ತು ನಗರಸಭೆ ಒಂದೇ ಮೇಜಿನ ಸುತ್ತ ಕೂರದೆ ಈ ಕೆಲಸ ಆಗುವಂಥದ್ದಲ್ಲ.

ಅಳತೆಗೆ ಏಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂದರೆ, ಅದರಿಂದ ಯೋಜನೆಯ ಗಾತ್ರವೇ ಬದಲಾಗುತ್ತದೆ. ಬೇಸಿಗೆಯ 120 ದಿನ ಹೊಳೆಗಳು ಒಂದು ಹನಿಯನ್ನೂ ಕೊಡುವುದಿಲ್ಲ ಎಂದು ಹಿಡಿದರೆ ದಿನಕ್ಕೆ 53 ಲಕ್ಷದಂತೆ ಸುಮಾರು 64 ಕೋಟಿ ಲೀಟರ್ ಕೂಡಿಡಬೇಕು. ಸರಾಸರಿ ಐದು ಮೀಟರ್ ಆಳವೆಂದರೂ ಅದಕ್ಕೆ 31 ಎಕರೆಯ ಕೆರೆ ಬೇಕು. ಅದೇ ಹೊಳೆಗಳು ಕಡು ಬೇಸಿಗೆಯಲ್ಲೂ ಬೇಡಿಕೆಯ ಅರ್ಧದಷ್ಟು ಕೊಡುತ್ತವೆಂದು ಹತ್ತು ವರ್ಷದ ದಾಖಲೆ ಹೇಳಿದರೆ ಹದಿನಾರು ಎಕರೆ ಸಾಕು. ಸಮತಟ್ಟು ನೆಲವೇ ಅಪರೂಪವಾದ ಈ ಊರಿನಲ್ಲಿ ಹದಿನೈದು ಎಕರೆಯ ವ್ಯತ್ಯಾಸ ಸಣ್ಣದಲ್ಲ. ಯಾರ ಗದ್ದೆ ಮುಳುಗಬೇಕು, ಯಾರ ಮನೆ ಎದ್ದು ಹೋಗಬೇಕು ಎಂಬುದು ಆ ಅಂಕಿಯಿಂದ ತೀರ್ಮಾನವಾಗುತ್ತದೆ.

ಹಾರಂಗಿಯ ಮಾತನ್ನೂ ಇದೇ ರೀತಿ ನೋಡಬೇಕು. ಆ ಜಲಾಶಯದ ಸಾಮರ್ಥ್ಯ 8.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಮಡಿಕೇರಿಗೆ ಬೇಸಿಗೆಯಲ್ಲಿ ಬೇಕಾದ 64 ಕೋಟಿ ಲೀಟರ್ ಅದರ ಮುನ್ನೂರೈವತ್ತನೇ ಒಂದು ಭಾಗದಷ್ಟೂ ಆಗುವುದಿಲ್ಲ. ನೀರಾವರಿಗೆ ಹಂಚಿಹೋದ ನೀರಾದರೂ ಕುಡಿಯಲು ಇಷ್ಟನ್ನು ಕೇಳುವುದು ಅನ್ಯಾಯವೇನಲ್ಲ. 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಸೇರಿಸಿ ಕೊಟ್ಟಿತು. ಕಾವೇರಿ ಹುಟ್ಟುವ ಜಿಲ್ಲೆಯ ಕೇಂದ್ರಕ್ಕೆ ಅದರ ಒಂದು ಸಣ್ಣ ಚೂರಷ್ಟು ನೀರು ಬೇಕಾದರೆ ಸಿಗಬೇಕು. ತೊಡಕು ಇರುವುದು ಎತ್ತರದಲ್ಲಿ. ಜಲಾಶಯದ ಪೂರ್ಣ ಮಟ್ಟ 2,859 ಅಡಿ, ಊರು 3,800 ಅಡಿ. ದಿನಕ್ಕೆ 53 ಲಕ್ಷ ಲೀಟರನ್ನು ಒಂಬೈನೂರು ಅಡಿ ಮೇಲಕ್ಕೆ ಎತ್ತಬೇಕಾದರೆ, ಪೈಪಿನೊಳಗಿನ ಘರ್ಷಣೆಯನ್ನು ಬಿಟ್ಟರೂ ಸಾಧಾರಣ ಪಂಪುಗಳಲ್ಲಿ ದಿನಕ್ಕೆ ಸುಮಾರು ಆರು ಸಾವಿರ ಯೂನಿಟ್ ವಿದ್ಯುತ್ ಬೇಕು. ಪಂಪ್ ಕೊಳ್ಳಲು ಸರ್ಕಾರ ಅನುದಾನ ಕೊಟ್ಟೀತು, ಆದರೆ ತಿಂಗಳು ತಿಂಗಳು ವಿದ್ಯುತ್ ಬಿಲ್ ಕಟ್ಟುವುದು ಸಣ್ಣ ಊರಿನ ನೀರಿನ ಕರದಿಂದಲೇ ಆಗಬೇಕು. ಮೋಟಾರು, ಪಂಪುಗಳ ಆಯುಷ್ಯವನ್ನು 15 ವರ್ಷ, ಕೊಳವೆ ಮಾರ್ಗದ ಆಯುಷ್ಯವನ್ನು 30 ವರ್ಷ ಎಂದು ಕೈಪಿಡಿ ಹಿಡಿಯುವುದರಿಂದ, ಪೈಪು ಹಳೆಯದಾಗುವ ಮೊದಲೇ ಒಮ್ಮೆ ಪಂಪ್ ಬದಲಿಸುವ ಖರ್ಚೂ ಬರುತ್ತದೆ. ಹಾರಂಗಿ ನಮ್ಮ ಕೊನೆಯ ಆಸರೆಯಾಗಿ ಯೋಜನೆಯಲ್ಲಿ ಇರಲಿ, ಅದರ ಸಮೀಕ್ಷೆಯೂ ಆಗಲಿ, ಆದರೆ ಮೇಲಿನ ಹೊಳೆಗಳನ್ನು ಕಾಪಾಡಿಕೊಳ್ಳುವ ಮೊದಲೇ ಅದಕ್ಕೆ ಕೈಹಾಕುವುದು ನನಗೆ ಸರಿಕಾಣುವುದಿಲ್ಲ.

ಮಳೆನೀರು ಕೊಯ್ಲಿನ ಬಗ್ಗೆ ಬೇಸರದಿಂದಲೇ ಒಂದು ಮಾತು ಹೇಳಬೇಕಾಗಿದೆ. ಸಾವಿರ ಚದರ ಅಡಿಯ ಮಾಡಿನಿಂದ ನಮ್ಮಲ್ಲಿ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ, ಆದರೆ ಐದು ಸಾವಿರ ಲೀಟರಿನ ಟ್ಯಾಂಕ್ ನಾಲ್ವರ ಮನೆಗೆ ಒಂಬತ್ತು ದಿನಕ್ಕೆ ಮುಗಿಯುತ್ತದೆ. ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದಂತೂ ಅಪಾಯ. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಗುಡ್ಡ ಜರಿದದ್ದನ್ನು ಕಂಡವರು ನೆನೆದ ಮಣ್ಣಿಗೆ ಇನ್ನಷ್ಟು ನೀರು ಕುಡಿಸುವ ಮಾತನ್ನು ಒಪ್ಪಲಾರರು. ಬಯಲುಸೀಮೆಗೆ ಒಳ್ಳೆಯದಾದದ್ದು ಕುಶಾಲನಗರದ ಸಮತಟ್ಟಿನಲ್ಲೂ ಒಳ್ಳೆಯದಾದೀತು, ಮಡಿಕೇರಿಯ ಇಳಿಜಾರಿಗೆ ಹೊಂದುವುದಿಲ್ಲ.

ಅದೇ ಕಾರಣಕ್ಕೆ ನಮ್ಮ ಊರಿನಲ್ಲಿ ಸೋರಿಕೆಗೆ ಎರಡು ಪಟ್ಟು ಮಹತ್ವವಿದೆ. ನಸುಕಿನಲ್ಲಿ ನೀರು ಬಿಡಲು ಬರುವ ವಾಲ್ವ್‌ಮನ್ ಒಬ್ಬರು ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಎಣಿಸಿಕೊಂಡು ತಿರುಗಿಸುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. "ಕೆಳಗಿನ ಲೈನನ್ನು ಅರ್ಧ ಕಟ್ಟದಿದ್ದರೆ ಮೇಲಿನ ಮನೆಗೆ ನೀರು ಹತ್ತೋದೇ ಇಲ್ಲ ಮೇಷ್ಟ್ರೇ, ಪೂರ್ತಿ ಬಿಟ್ಟರೆ ಕೆಳಗೆ ಜಾಯಿಂಟ್ ಕಿತ್ತುಕೊಂಡು ಬರುತ್ತೆ" ಎಂದು ಅವರು ಒಮ್ಮೆ ಹೇಳಿದರು. ಹತ್ತು ಮೀಟರ್ ಇಳಿದಂತೆಲ್ಲ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಏರುತ್ತದೆಂದು ನಾನು ಕರಿಹಲಗೆಯ ಮೇಲೆ ಬರೆದು ಹೇಳುತ್ತಿದ್ದುದನ್ನು ಅವರು ಕೈಯ ಅಂದಾಜಿನಲ್ಲೇ ಬಲ್ಲರು. ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ ಎಂಬ ಅವರ ಅರಿವು ನಕ್ಷೆಗೆ ಇಳಿಯಬೇಕು. ಎತ್ತರಕ್ಕೆ ತಕ್ಕಂತೆ ಊರನ್ನು ವಲಯಗಳಾಗಿ ವಿಂಗಡಿಸಿ, ವಲಯಕ್ಕೊಂದು ಟ್ಯಾಂಕ್ ಮತ್ತು ಮೀಟರ್ ಇಟ್ಟರೆ, ಬಿಟ್ಟ ನೀರಿಗೂ ಮನೆ ಸೇರಿದ ನೀರಿಗೂ ಇರುವ ಅಂತರ ಯಾವ ಇಳಿಜಾರಿನ ಮಣ್ಣಿನಲ್ಲಿ ಇಂಗುತ್ತಿದೆ ಎಂದು ತಿಳಿಯುತ್ತದೆ. ಬೇರೆ ಊರಿನಲ್ಲಿ ಸೋರಿದ ನೀರು ನಷ್ಟ ಮಾತ್ರ, ಇಲ್ಲಿ ಅದು ಯಾರದೋ ಮನೆಯ ಹಿಂದಿನ ಗುಡ್ಡದ ಬರೆಯನ್ನು ಒಳಗಿಂದೊಳಗೆ ಸಡಿಲಿಸುತ್ತಿರುತ್ತದೆ.

ಹಣದ ದಾರಿ ಹಿಂದಿಗಿಂತ ತೆರೆದಿದೆ. ನಗರಗಳ ನೀರು ಪೂರೈಕೆಗೆ ಕೇಂದ್ರ ಸರ್ಕಾರ ಹಣ ಕೊಡುವ 2015ರ ಅಮೃತ್ ಯೋಜನೆ ಐನೂರು ದೊಡ್ಡ ನಗರಗಳಿಗಷ್ಟೇ ಇತ್ತು, 2021ರ ಅಕ್ಟೋಬರಿನಲ್ಲಿ ಬಂದ ಅಮೃತ್ 2.0 ಎಲ್ಲ ಪಟ್ಟಣಗಳನ್ನೂ ಒಳಗೊಂಡಿತು. ಪ್ರತಿ ನಗರವೂ ತನ್ನ ನೀರಿನ ಸಮತೋಲನದ ಯೋಜನೆಯನ್ನು ಸಿದ್ಧಪಡಿಸಬೇಕೆಂಬುದು ಅದರ ಒಂದು ಭಾಗವಾಗಿತ್ತು. ಬರುವುದೆಷ್ಟು, ಹೋಗುವುದೆಷ್ಟು ಎಂಬ ಜಮಾಖರ್ಚು ಅದು. ಜಮೆಯ ಬದಿಯಲ್ಲಿ ಹೊಳೆಯ ಏಪ್ರಿಲ್ ಹರಿವನ್ನು ಊಹೆಯಿಂದ ತುಂಬಿಸಿದರೆ ಖರ್ಚಿನ ಬದಿಯನ್ನು ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ. ಕೂಟುಹೊಳೆಯಲ್ಲೂ ಉಳಿದ ಮೂಲಗಳಲ್ಲೂ ಕಾಂಕ್ರೀಟಿನ ಅಳತೆ ಕಟ್ಟೆ ಇರಬೇಕು, ದಿನದ ಅಳತೆಯನ್ನು ಬರೆದ ಫಲಕ ಊರಿನ ನಡುವೆ ಎಲ್ಲರಿಗೂ ಕಾಣುವಂತೆ ನಿಲ್ಲಬೇಕು. ಹೊಳೆ ಹತ್ತು ಸೆಂಟಿಮೀಟರಿಗೆ ಇಳಿದಿದೆ ಎಂದು ಓದಿದವರು ಅಂದು ಅಂಗಳಕ್ಕೆ ನೀರು ಚಿಮುಕಿಸುವ ಮೊದಲು ಒಮ್ಮೆ ಯೋಚಿಸುತ್ತಾರೆ, ವಸತಿಗೃಹದವರೂ ಯೋಚಿಸುತ್ತಾರೆ.

ನಮ್ಮ ತೋಡಿನ ಮೇಲ್ಭಾಗದ ಮೂರು ತೋಟದವರು ಮತ್ತು ನಾವು ಕಳೆದ ಪುತ್ತರಿ ಹಬ್ಬ ಮುಗಿದ ವಾರ ಒಟ್ಟಿಗೆ ಕುಳಿತೆವು. ಒಬ್ಬರು ತಮ್ಮ ಹಳೆಯ ಕೆರೆಯ ಹೂಳೆತ್ತಿಸಲು ಒಪ್ಪಿದರು, ಇನ್ನೊಬ್ಬರು ಪಂಪನ್ನು ರಾತ್ರಿ ಹೊತ್ತು ಮಾತ್ರ, ಅದೂ ಸರದಿಯ ಮೇಲೆ ಹಾಕುವುದಾಗಿ ಹೇಳಿದರು, ಮೂರನೆಯವರು ಇನ್ನೂ ಒಪ್ಪಿಲ್ಲ. ಅವರಿಗೆ ನನ್ನ ಎರಡು ವರ್ಷದ ಬರಹದ ನಕಲನ್ನು ಕೊಟ್ಟು ಬಂದಿದ್ದೇನೆ. ಮಳೆ ಪುಸ್ತಕದ ಈ ವರ್ಷದ ಹಾಳೆಗಳಲ್ಲಿ ಇಂಚು, ಸೆಂಟಿನ ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು 'ತೋಡು' ಎಂದು ಬರೆದಿದ್ದೇನೆ. ಇಂದು ಬೆಳಿಗ್ಗೆ ಎಂಟು ಗಂಟೆಗೆ ಮಳೆಯ ಕಾಲಂನಲ್ಲಿ ಸೊನ್ನೆ, ತೋಡಿನ ಕಾಲಂನಲ್ಲಿ ಒಂಬತ್ತು ಸೆಂಟಿಮೀಟರ್.